ಲೇಖನ ಬಂತು, ಚಿತ್ರ ಬರಲಿಲ್ಲ: ವರ್ಡ್‌ಪ್ರೆಸ್ ಎಪಿಐ ಉತ್ತರದಲ್ಲಿ ಚಿತ್ರದ ವಿವರ ಕಾಣೆಯಾದಾಗ

ಆ್ಯಪ್‌ನಲ್ಲಿ ಶೀರ್ಷಿಕೆ ಬಂದಿದೆ, ಸಾರಾಂಶ ಬಂದಿದೆ, ದಿನಾಂಕವೂ ಸರಿಯಾಗಿದೆ. ಚಿತ್ರ ಇರಬೇಕಾದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಚೌಕ. ಅದೇ ಲೇಖನವನ್ನು ಜಾಲತಾಣದಲ್ಲಿ ತೆರೆದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬರೆದದ್ದನ್ನು ಮೊಬೈಲ್ ಆ್ಯಪ್‌ಗೋ ಪ್ರತ್ಯೇಕವಾಗಿ ಕಟ್ಟಿದ ಜಾಲಪುಟಗಳಿಗೋ ಎಪಿಐ (ಒಂದು ತಂತ್ರಾಂಶ ಕೇಳಿದ ಮಾಹಿತಿಯನ್ನು ಇನ್ನೊಂದು ಒದಗಿಸುವ ವ್ಯವಸ್ಥೆ) ಮೂಲಕ ಒದಗಿಸುವವರಿಗೆ ಈ ದೂರು ಹೊಸದಲ್ಲ. ದೂರು ಒಂದೇ ಆದರೂ ಕಾರಣಗಳು ಹಲವು, ಮತ್ತು ಅವುಗಳಲ್ಲಿ ಹೆಚ್ಚಿನವು ಆ್ಯಪ್‌ನ ಕೋಡಿನಲ್ಲಿ ಇರುವುದೇ ಇಲ್ಲ. ಕೋಡಿಗೆ ಕೈ ಹಾಕುವ ಮೊದಲು ಎಪಿಐ ಕೊಟ್ಟ ಉತ್ತರವನ್ನು ಪೂರ್ತಿ ಓದಿ. ತಪ್ಪು ಎಲ್ಲಿದೆ ಎಂಬುದು ಬಹುತೇಕ ಸಲ ಅಲ್ಲೇ ಬರೆದಿರುತ್ತದೆ.

ಈ ಕೈಪಿಡಿಯಲ್ಲಿ ಕ್ಷೇತ್ರಗಳ (ಫೀಲ್ಡ್, ಅಂದರೆ ಉತ್ತರದಲ್ಲಿ ಒಂದೊಂದು ಮಾಹಿತಿಗೆ ಇರುವ ಖಾನೆ), ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಬೇಕು. ಅಡಿಗೆರೆ, ಅಡ್ಡಗೆರೆ, ಸಮ ಚಿಹ್ನೆಗಳನ್ನು ಮಾತ್ರ ಇಲ್ಲಿರುವಂತೆಯೇ ಉಳಿಸಿಕೊಳ್ಳಿ.

ಎಪಿಐ ಕೊಡುವುದು ಚಿತ್ರವನ್ನಲ್ಲ

ರೆಸ್ಟ್ ಎಪಿಐ ವರ್ಡ್‌ಪ್ರೆಸ್‌ನ ಮೂಲ ತಂತ್ರಾಂಶದಲ್ಲಿ ಪೂರ್ಣವಾಗಿ ಸೇರಿದ್ದು 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಲ್ಲಿ. ಅಂದಿನಿಂದ ಇಂದಿನವರೆಗೂ ಒಂದು ವಿಷಯ ಬದಲಾಗಿಲ್ಲ: ಲೇಖನಗಳ ಪಟ್ಟಿ ಕೇಳಿದರೆ ಪ್ರತಿ ಲೇಖನದ ಜೊತೆ 'ಫೀಚರ್ಡ್_ಮೀಡಿಯಾ' ಎಂಬ ಕ್ಷೇತ್ರ ಬರುತ್ತದೆ, ಅದರಲ್ಲಿ ಇರುವುದು ಬರೀ ಒಂದು ಸಂಖ್ಯೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಕೈಗೆ ಕೊಡುವ ಟೋಕನ್ ಇದ್ದ ಹಾಗೆ ಅದು. ಚಪ್ಪಲಿ ಬೇಕಾದರೆ ಟೋಕನ್ ಹಿಡಿದು ಮತ್ತೆ ಹೋಗಿ ಕೇಳಬೇಕು. ಚಿತ್ರದ ವಿಳಾಸ, ಅಗಲ, ಎತ್ತರ, ಪರ್ಯಾಯ ಪಠ್ಯ ಇವೆಲ್ಲ 'ಮೀಡಿಯಾ' ಎಂಬ ಬೇರೆಯೇ ಮಾರ್ಗದಲ್ಲಿ ಸಿಗುತ್ತವೆ. ಎರಡನ್ನೂ ಒಂದೇ ಉತ್ತರದಲ್ಲಿ ಪಡೆಯಲು ದಾರಿ ಇದೆ, ಆದರೆ ಅದನ್ನು ನೀವೇ ಕೇಳಿ ಪಡೆಯಬೇಕು.

ಸಂಖ್ಯೆಯನ್ನು ನೋಡಿ 'ಎಪಿಐ ಹಾಳಾಗಿದೆ' ಎಂದುಕೊಳ್ಳುವವರು ಬಹಳ. ಅದು ಹಾಳಾಗಿಲ್ಲ. ಪಟ್ಟಿ ಹಗುರವಾಗಿರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ.

ಪರೀಕ್ಷೆಯನ್ನು ಯಾರಾಗಿ ಮಾಡುತ್ತೀರಿ?

ಮುಂದಿನ ಎಲ್ಲ ಹೆಜ್ಜೆಗಳಿಗೂ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಓದುಗರ ಆ್ಯಪ್ ಸಾಮಾನ್ಯವಾಗಿ ಲಾಗಿನ್ ಆಗದೆ, ಅನಾಮಿಕವಾಗಿ ಕೇಳುತ್ತದೆ. ನೀವೂ ಹಾಗೆಯೇ ಕೇಳಬೇಕು. ಎಪಿಐ ಪರೀಕ್ಷಿಸುವ ಪೋಸ್ಟ್‌ಮನ್‌ನಂಥ ಸಾಧನ ಬಳಸುವವರಾದರೆ ಹಿಂದೆಂದೋ ಉಳಿಸಿಟ್ಟ ಪಾಸ್‌ವರ್ಡ್ ದೃಢೀಕರಣದ ಶಿರೋನಾಮೆಯಲ್ಲಿ (ಹೆಡರ್) ಸದ್ದಿಲ್ಲದೆ ಸೇರಿಕೊಂಡು ಹೋಗುತ್ತಿದೆಯೇ ನೋಡಿ, ಇದ್ದರೆ ತೆಗೆಯಿರಿ. ಸಂಪಾದಕರ ಹಕ್ಕಿನಲ್ಲಿ ಕೇಳಿದಾಗ ಸಿಗುವ ಚಿತ್ರ ಅನಾಮಿಕರಿಗೆ ಸಿಗದೇ ಹೋಗುವುದು ಮುಂದೆ ನೋಡಲಿರುವ ಮುಖ್ಯ ದೋಷದ ಲಕ್ಷಣ. ಪರೀಕ್ಷೆಯೇ ಸಂಪಾದಕರ ಹೆಸರಿನಲ್ಲಿ ನಡೆದರೆ ಆ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ.

ಬ್ರೌಸರ್ ವಿಷಯದಲ್ಲಿ ಒಂದು ವಿಚಿತ್ರವಿದೆ. ನಿರ್ವಾಹಕರಾಗಿ ಲಾಗಿನ್ ಆಗಿದ್ದರೂ ಎಪಿಐ ವಿಳಾಸವನ್ನು ನೇರವಾಗಿ ವಿಳಾಸಪಟ್ಟಿಯಲ್ಲಿ ಟೈಪ್ ಮಾಡಿ ತೆರೆದರೆ ವರ್ಡ್‌ಪ್ರೆಸ್ ನಿಮ್ಮನ್ನು ಅನಾಮಿಕರೆಂದೇ ಪರಿಗಣಿಸುತ್ತದೆ. ಕುಕೀ ಜೊತೆಗೆ 'ನಾನ್ಸ್' ಎಂಬ ಗುಪ್ತ ಸಂಕೇತವೂ ಬರಬೇಕು, ಅದು ನೇರ ಭೇಟಿಯಲ್ಲಿ ಇರುವುದಿಲ್ಲ. ಲೇಖನ ಬರೆಯುವ ಸಂಪಾದನಾ ಪರದೆ ಮಾತ್ರ ಅದನ್ನು ಕಳಿಸುತ್ತದೆ. ಆದ್ದರಿಂದಲೇ ಅಲ್ಲಿ ಕಾಣುವ ಚಿತ್ರ ಹೊರಗೆ ಕಾಣದೇ ಹೋಗಬಹುದು. ಹಾಗಿದ್ದರೂ ಖಾಸಗಿ ಕಿಟಕಿಯಲ್ಲಿಯೇ ತೆರೆಯಿರಿ ಎನ್ನಲು ಬೇರೆ ಕಾರಣವಿದೆ. ಲಾಗಿನ್ ಕುಕೀ ಕಂಡರೆ ಅನೇಕ ಕ್ಯಾಶ್ ಪ್ಲಗಿನ್‌ಗಳು (ಹಿಂದಿನ ಉತ್ತರವನ್ನು ಉಳಿಸಿಟ್ಟು ಮತ್ತೆ ಕೊಡುವಂಥವು) ಪಕ್ಕಕ್ಕೆ ಸರಿದು ಹೊಸ ಉತ್ತರ ಕೊಡುತ್ತವೆ. ನಿಮಗೆ ತಾಜಾ ಉತ್ತರ, ಓದುಗರಿಗೆ ಹಳಸಲು.

ಕೇಳಿದ ಕೂಡಲೇ 401 (ಅನುಮತಿ ಇಲ್ಲ ಎಂಬ ಉತ್ತರ) ಬಂದು ಇಡೀ ಪಟ್ಟಿಯೇ ಸಿಗದಿದ್ದರೆ ಅದು ಚಿತ್ರದ ಸಮಸ್ಯೆಯಲ್ಲ. ಯಾವುದೋ ಭದ್ರತಾ ಪ್ಲಗಿನ್ ಅನಾಮಿಕರಿಗೆ ಎಪಿಐ ಅನ್ನೇ ಮುಚ್ಚಿದೆ. ಅದನ್ನು ಬಿಡಿಸಿಕೊಂಡು ಬನ್ನಿ.

ಸಂಖ್ಯೆ ಸೊನ್ನೆ ಇದ್ದರೆ

ಒಂದೇ ಒಂದು ಲೇಖನವನ್ನು ಅದರ ಐಡಿ ಕೊಟ್ಟು ತೆರೆಯಿರಿ: ಜಾಲತಾಣದ ವಿಳಾಸ, ಅದಕ್ಕೆ ಅಂಟಿದಂತೆ '/ಡಬ್ಲ್ಯುಪಿ-ಜೇಸನ್/ಡಬ್ಲ್ಯುಪಿ/ವಿ2/ಪೋಸ್ಟ್ಸ್/', ಕೊನೆಗೆ ಐಡಿ. 'ಫೀಚರ್ಡ್_ಮೀಡಿಯಾ' ಎದುರು 0 ಇದ್ದರೆ ಆ ಲೇಖನಕ್ಕೆ ಮುಖ್ಯ ಚಿತ್ರವನ್ನೇ ನಿಗದಿ ಮಾಡಿಲ್ಲ ಎಂದರ್ಥ.

'ಆದರೆ ಜಾಲತಾಣದಲ್ಲಿ ಚಿತ್ರ ಕಾಣುತ್ತಿದೆಯಲ್ಲ!' ಎಂದು ಸುದ್ದಿಮನೆಯವರು ವಾದಿಸುತ್ತಾರೆ, ಅವರ ಮಾತೂ ಸುಳ್ಳಲ್ಲ. ಮುಖ್ಯ ಚಿತ್ರ ಇಲ್ಲದಿದ್ದಾಗ ಲೇಖನದೊಳಗಿನ ಮೊದಲ ಚಿತ್ರವನ್ನೋ ಸಂಸ್ಥೆಯ ಲಾಂಛನವನ್ನೋ ಎತ್ತಿ ತೋರಿಸುವ ಥೀಮ್‌ಗಳು ಸಾಕಷ್ಟಿವೆ. ಅದು ಥೀಮ್‌ನ ಜಾಣ್ಮೆ. ದತ್ತಸಂಚಯದಲ್ಲಿ ಆ ಸಂಬಂಧ ದಾಖಲಾಗಿರುವುದಿಲ್ಲ, ಎಪಿಐಗೆ ಅದರ ಸುಳಿವೂ ಇರುವುದಿಲ್ಲ. ಲೇಖನ ತೆರೆದು ಮುಖ್ಯ ಚಿತ್ರ ಆಯ್ದು, ಅಪ್‌ಡೇಟ್ ಗುಂಡಿ ಒತ್ತಿದರೆ ಮುಗಿಯಿತು. ಸಾವಿರಾರು ಹಳೆಯ ಲೇಖನಗಳು ಹೀಗೇ ಇದ್ದರೆ ಮೊದಲ ಚಿತ್ರವನ್ನೇ ಮುಖ್ಯ ಚಿತ್ರವಾಗಿ ದಾಖಲಿಸುವ ಪುಟ್ಟ ಸ್ಕ್ರಿಪ್ಟ್ ಬರೆಸುವುದು ಮೇಲು. ಆ್ಯಪ್‌ನಲ್ಲಿ ಲೇಖನದ ಎಚ್‌ಟಿಎಂಎಲ್ ಜಾಲಾಡಿ ಚಿತ್ರ ಹುಡುಕಲು ಹೋಗಬೇಡಿ. ಚಿತ್ರಗಳನ್ನು ತಡವಾಗಿ ಇಳಿಸುವ ಪ್ಲಗಿನ್‌ಗಳು ಅಲ್ಲಿನ ವಿಳಾಸವನ್ನು ಬೇರೆ ಗುಣವಿಶೇಷಕ್ಕೆ ಸರಿಸಿ, ಇದ್ದ ಜಾಗದಲ್ಲಿ ಖಾಲಿ ಚಿತ್ರ ಇಟ್ಟಿರುತ್ತವೆ.

ಮುಖ್ಯ ಚಿತ್ರ ಆಯ್ಕೆ ಮಾಡುವ ಪೆಟ್ಟಿಗೆಯೇ ಸಂಪಾದನಾ ಪರದೆಯಲ್ಲಿ ಇಲ್ಲವೇ? ಹಾಗಿದ್ದರೆ ಥೀಮ್ 'ಪೋಸ್ಟ್-ಥಂಬ್‌ನೇಲ್ಸ್' ಬೆಂಬಲವನ್ನು ಘೋಷಿಸಿಲ್ಲ. ಮುಂಭಾಗವನ್ನು ಬೇರೆ ಕಡೆ ಕಟ್ಟಿದ್ದೇವೆ, ಥೀಮ್ ಏಕೆ ಎಂದು ಖಾಲಿ ಥೀಮ್ ಹಾಕಿಟ್ಟ ಕಡೆಗಳಲ್ಲಿ ಇದನ್ನು ನಿರೀಕ್ಷಿಸಬಹುದು.

ಕ್ಷೇತ್ರವೇ ಉತ್ತರದಲ್ಲಿ ಇಲ್ಲದಿರುವುದು ಬೇರೆ ಕಥೆ. ಪುಸ್ತಕ, ಕಾರ್ಯಕ್ರಮ, ಊರು ಹೀಗೆ ನೀವೇ ಸೃಷ್ಟಿಸಿಕೊಂಡ ವಿಷಯ ಮಾದರಿಗಳಲ್ಲಿ ಇದು ಆಗುತ್ತದೆ. ಮಾದರಿಯನ್ನು ನೋಂದಾಯಿಸುವಾಗ 'ಸಪೋರ್ಟ್ಸ್' ಪಟ್ಟಿಯಲ್ಲಿ 'ಥಂಬ್‌ನೇಲ್' ಸೇರಿಸಿರಬೇಕು. 'ಶೋ_ಇನ್_ರೆಸ್ಟ್' ಎಂಬುದನ್ನೂ ಚಾಲನೆಯಲ್ಲಿಟ್ಟಿರಬೇಕು. ಎರಡನೆಯದು ಇಲ್ಲದಿದ್ದರೆ ಆ ಮಾದರಿಯ ಮಾರ್ಗವೇ ಇಲ್ಲವೆಂದು 404 ಬರುತ್ತದೆ.

ಸಂಖ್ಯೆ ಇದೆ, ವಿವರ ಇಲ್ಲ

ಕೋರಿಕೆಯ ವಿಳಾಸದ ಕೊನೆಗೆ '_ಎಂಬೆಡ್=1' ಸೇರಿಸಿದರೆ ಲೇಖನದ ಉತ್ತರದೊಳಗೆ '_ಎಂಬೆಡೆಡ್' ಎಂಬ ಭಾಗ ಹುಟ್ಟಿಕೊಳ್ಳುತ್ತದೆ. ಅದರೊಳಗೆ 'ಡಬ್ಲ್ಯುಪಿ:ಫೀಚರ್ಡ್‌ಮೀಡಿಯಾ' ಎಂಬ ಪಟ್ಟಿ, ಪಟ್ಟಿಯ ಮೊದಲ ಅಂಶವೇ ಚಿತ್ರದ ವಿವರ. ಅಲ್ಲಿ 'ಸೋರ್ಸ್_ಯುಆರ್‌ಎಲ್', 'ಆಲ್ಟ್_ಟೆಕ್ಸ್ಟ್', 'ಮೀಡಿಯಾ_ಡೀಟೇಲ್ಸ್' ಇರುತ್ತವೆ. 5.4ನೇ ಆವೃತ್ತಿಯಿಂದ ಈಚೆಗೆ ಲೇಖಕರ, ವರ್ಗಗಳ ವಿವರ ಬಿಟ್ಟು ಚಿತ್ರವನ್ನಷ್ಟೇ ತರಿಸಲು '_ಎಂಬೆಡ್=ಡಬ್ಲ್ಯುಪಿ:ಫೀಚರ್ಡ್‌ಮೀಡಿಯಾ' ಎಂದು ಕೊಡಬಹುದು. ಪಟ್ಟಿ ದೊಡ್ಡದಿದ್ದಾಗ ಇದರಿಂದ ಉತ್ತರದ ಗಾತ್ರ ಗಣನೀಯವಾಗಿ ಇಳಿಯುತ್ತದೆ.

ಕೊಟ್ಟರೂ ಬರುತ್ತಿಲ್ಲ ಎಂದರೆ, ಈ ಒಂದು ಪುಟ್ಟ ಪದದ ಸುತ್ತಲೇ ನಾಲ್ಕಾರು ಬಲೆಗಳಿವೆ.

'_ಎಂಬೆಡ್=ಯೆಸ್' ಎಂದು ಬರೆದರೆ ಏನೂ ಬರುವುದಿಲ್ಲ. ಖಾಲಿ ಬಿಟ್ಟರೆ, 1 ಕೊಟ್ಟರೆ, 'ಟ್ರೂ' ಎಂದರೆ 'ಎಲ್ಲವನ್ನೂ ಕೊಡು' ಎಂದರ್ಥ. ಬೇರೆ ಯಾವ ಪದ ಕೊಟ್ಟರೂ ವರ್ಡ್‌ಪ್ರೆಸ್ ಅದನ್ನು ಒಂದು ಸಂಬಂಧದ ಹೆಸರೆಂದು ಓದಿಕೊಳ್ಳುತ್ತದೆ. 'ಯೆಸ್' ಎಂಬ ಸಂಬಂಧ ಯಾವುದೂ ಇಲ್ಲವಲ್ಲ, ಆದ್ದರಿಂದ ಸುಮ್ಮನಾಗುತ್ತದೆ, ದೂರುವುದೂ ಇಲ್ಲ. ತಮಾಷೆಯೆಂದರೆ 0 ಕೊಟ್ಟರೆ ಎಲ್ಲವೂ ಬರುತ್ತದೆ, ಏಕೆಂದರೆ ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಗೆ 0 ಕೂಡ ಖಾಲಿಯೇ.

ಬೆಲೆಯಿಲ್ಲದೆ ಬರೀ '_ಎಂಬೆಡ್' ಎಂದು ಬರೆದರೂ ನಡೆಯುತ್ತದೆ ಎಂಬುದು ನಿಜ. ಆದರೆ ಆಕ್ಸಿಯಾಸ್‌ನಂಥ ಜಾವಾಸ್ಕ್ರಿಪ್ಟ್ ಗ್ರಂಥಾಲಯಗಳು 'ನಲ್' (ಏನೂ ಇಲ್ಲ) ಬೆಲೆಯ ನಿಯತಾಂಕವನ್ನು (ಪ್ಯಾರಾಮೀಟರ್) ಕಳಿಸುವ ಮೊದಲೇ ಕೈಬಿಡುತ್ತವೆ. ಬ್ರೌಸರ್‌ನಲ್ಲಿ ಕೆಲಸ ಮಾಡಿದ್ದು ಆ್ಯಪ್‌ನಲ್ಲಿ ಮಾಡದಿರಲು ಇಷ್ಟು ಸಾಕು. ಯಾವಾಗಲೂ 1 ಬರೆಯಿರಿ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು '_ಫೀಲ್ಡ್ಸ್' ಜೊತೆಗೆ ಬಳಸಿದಾಗ. ಉತ್ತರ ಚಿಕ್ಕದಾಗಲೆಂದು ಐಡಿ, ಶೀರ್ಷಿಕೆ, ಫೀಚರ್ಡ್_ಮೀಡಿಯಾ ಇವಿಷ್ಟೇ ಸಾಕೆಂದು ಹೇಳುತ್ತೀರಿ; ಪಕ್ಕದಲ್ಲೇ '_ಎಂಬೆಡ್=1' ಇದ್ದರೂ ಚಿತ್ರ ಬರುವುದಿಲ್ಲ. ಕಾರಣ ಇಷ್ಟೆ: ಒಳಗೆ ಸೇರಿಸಬೇಕಾದ್ದು ಎಲ್ಲಿದೆ ಎಂದು ವರ್ಡ್‌ಪ್ರೆಸ್ ಕಂಡುಕೊಳ್ಳುವುದು '_ಲಿಂಕ್ಸ್' ಭಾಗದಿಂದ. ನೀವು ಅದನ್ನೇ ಬೇಡವೆಂದಿದ್ದೀರಿ. ಕ್ಷೇತ್ರಗಳ ಪಟ್ಟಿಗೆ '_ಲಿಂಕ್ಸ್' ಮತ್ತು '_ಎಂಬೆಡೆಡ್' ಎರಡನ್ನೂ ಸೇರಿಸಿ.

ಮತ್ತೊಂದು ಬಲೆ ವರ್ಡ್‌ಪ್ರೆಸ್‌ನ ಹೊರಗಿದೆ. ಮಧ್ಯದಲ್ಲಿ ಸಿಡಿಎನ್ (ಪುಟಗಳ ಪ್ರತಿಗಳನ್ನು ಓದುಗರಿಗೆ ಹತ್ತಿರದ ಸರ್ವರ್‌ಗಳಿಂದ ಕೊಡುವ ಜಾಲ) ಅಥವಾ ಸರ್ವರ್ ಮಟ್ಟದ ಕ್ಯಾಶ್ ಇದ್ದು, ಅದು ಪ್ರಶ್ನೆ ಚಿಹ್ನೆಯ ನಂತರದ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೊಂದಿಸಿದ್ದರೆ, ಮೊದಲು ಯಾರೋ ಎಂಬೆಡ್ ಇಲ್ಲದೆ ಕೇಳಿದಾಗ ಉಳಿಸಿಟ್ಟ ಉತ್ತರವೇ ನಿಮಗೂ ಬರುತ್ತದೆ. ಒಮ್ಮೆ ಚಿತ್ರ ಬಂದು ಒಮ್ಮೆ ಬಾರದೆ ಆಟವಾಡಿಸುವ ದೋಷಗಳಲ್ಲಿ ಇದನ್ನು ಮೊದಲು ಅನುಮಾನಿಸಿ. ಉತ್ತರದ ಶಿರೋನಾಮೆಗಳಲ್ಲಿ ಕ್ಯಾಶ್‌ನ ಗುರುತು ಇದೆಯೇ ನೋಡಿ, ಎಪಿಐ ಮಾರ್ಗಕ್ಕೆ ಆ ನಿಯಮ ಅನ್ವಯಿಸದಂತೆ ಹೊಂದಿಸಿ.

ಪಿಎಚ್‌ಪಿ ಒಳಗಿಂದಲೇ 'ರೆಸ್ಟ್_ಡು_ರಿಕ್ವೆಸ್ಟ್' ಬಳಸಿ ಕೇಳುವವರಿಗೆ: ಅಲ್ಲಿ '_ಎಂಬೆಡ್' ನಿಯತಾಂಕದಿಂದ ಯಾವ ಪರಿಣಾಮವೂ ಇಲ್ಲ. ಬಂದ ಉತ್ತರವನ್ನು ಎಪಿಐ ಸರ್ವರ್ ವಸ್ತುವಿನ 'ರೆಸ್ಪಾನ್ಸ್_ಟು_ಡೇಟಾ' ವಿಧಾನಕ್ಕೆ ಕೊಟ್ಟು, ಎರಡನೆಯ ಬೆಲೆಯಾಗಿ 'ಟ್ರೂ' ಕೊಡಬೇಕು.

ವಿವರದ ಜಾಗದಲ್ಲಿ ದೋಷ ಸಂದೇಶ

'_ಎಂಬೆಡೆಡ್' ಬಂದಿದೆ, ಅದರೊಳಗೆ ಪಟ್ಟಿಯೂ ಇದೆ, ಆದರೂ ಚಿತ್ರ ಇಲ್ಲ. ಒಟ್ಟು ಉತ್ತರ 200 ಎಂದು ಹಸಿರು ತೋರಿಸುತ್ತಿರುವುದರಿಂದ ಒಳಗಡೆ ಇಣುಕಿ ನೋಡುವವರು ಕಡಿಮೆ. ನೋಡಿ. ಚಿತ್ರದ ವಿವರ ಇರಬೇಕಾದ ಜಾಗದಲ್ಲಿ 'ಕೋಡ್', 'ಮೆಸೇಜ್', 'ಡೇಟಾ' ಎಂಬ ಮೂರು ಅಂಶಗಳು ಕಂಡರೆ ಅದು ದೋಷ ಸಂದೇಶ. ಲೇಖನ ಓದಲು ಅನುಮತಿ ಇತ್ತು, ಚಿತ್ರ ಓದಲು ಆಗಲಿಲ್ಲ ಎಂದು ಅದು ಹೇಳುತ್ತಿದೆ.

ಕೋಡ್ 'ರೆಸ್ಟ್_ಪೋಸ್ಟ್_ಇನ್‌ವ್ಯಾಲಿಡ್_ಐಡಿ', ಸ್ಥಿತಿ 404 ಎಂದಿದ್ದರೆ ಆ ಸಂಖ್ಯೆಯ ಚಿತ್ರ ದತ್ತಸಂಚಯದಲ್ಲಿ ಇಲ್ಲ. ಮೀಡಿಯಾ ಲೈಬ್ರರಿಯಿಂದ ಕ್ರಮವಾಗಿ ಅಳಿಸಿದ್ದರೆ ಹೀಗಾಗುತ್ತಿರಲಿಲ್ಲ, ಏಕೆಂದರೆ ಅಳಿಸುವಾಗ ವರ್ಡ್‌ಪ್ರೆಸ್ ಆ ಚಿತ್ರವನ್ನು ಮುಖ್ಯ ಚಿತ್ರವಾಗಿ ಬಳಸಿದ ಎಲ್ಲ ಲೇಖನಗಳಿಂದಲೂ ಸಂಖ್ಯೆಯನ್ನು ಕಿತ್ತುಹಾಕುತ್ತದೆ. ಆದ್ದರಿಂದ ಇದು ಕಂಡಾಗ ಜಾಲತಾಣವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಇತಿಹಾಸ ಕೇಳಿ. ಆಮದು ಮಾಡುವಾಗ ಲಗತ್ತು ಕಡತಗಳನ್ನೂ ಇಳಿಸಿಕೊಳ್ಳುವ ಚೌಕಕ್ಕೆ ಟಿಕ್ ಹಾಕದೆ ಮುಂದುವರಿದರೆ ಲೇಖನಗಳು ಹಳೆಯ ಸಂಖ್ಯೆಗಳನ್ನು ಹೊತ್ತುಕೊಂಡು ಬರುತ್ತವೆ, ಚಿತ್ರಗಳು ಬರುವುದಿಲ್ಲ. ಇನ್ನೂ ಕೆಟ್ಟ ಸಂದರ್ಭದಲ್ಲಿ ಆ ಹಳೆಯ ಸಂಖ್ಯೆ ಹೊಸ ಜಾಲತಾಣದಲ್ಲಿ ಬೇರೊಂದು ಚಿತ್ರಕ್ಕೆ ಸಿಕ್ಕಿರುತ್ತದೆ; ಆಗ ದೋಷ ಸಂದೇಶವೂ ಇಲ್ಲ, ಮಳೆಯ ಸುದ್ದಿಗೆ ಮದುವೆಯ ಚಿತ್ರ. ಮದ್ದು ಒಂದೇ, ಲಗತ್ತುಗಳ ಸಮೇತ ಮತ್ತೆ ಆಮದು.

ಕೋಡ್ 'ರೆಸ್ಟ್_ಫರ್ಬಿಡನ್', ಸ್ಥಿತಿ 401 ಎಂದಿದ್ದರೆ ಈ ಕೈಪಿಡಿಯ ಮುಖ್ಯ ರೋಗಿ ಸಿಕ್ಕಿದಂತೆ. ಚಿತ್ರ ಲೈಬ್ರರಿಯಲ್ಲಿದೆ, ಕಡತ ಸರ್ವರ್‌ನಲ್ಲಿದೆ, ಜಾಲತಾಣದಲ್ಲಿ ಕಾಣುತ್ತದೆ, ಸಂಪಾದಕರಿಗೂ ಕಾಣುತ್ತದೆ. ಎಪಿಐ ಮಾತ್ರ ಅನಾಮಿಕರಿಗೆ ಕೊಡಲು ಒಪ್ಪುತ್ತಿಲ್ಲ.

ಏಕೆಂದರೆ ವರ್ಡ್‌ಪ್ರೆಸ್‌ನಲ್ಲಿ ಚಿತ್ರಕ್ಕೆ ಪ್ರಕಟಿತ, ಕರಡು ಎಂಬ ಸ್ವಂತ ಸ್ಥಿತಿ ಇಲ್ಲ. ಅದರ ಸ್ಥಿತಿ 'ಇನ್‌ಹೆರಿಟ್', ಅಂದರೆ ತಾಯಿ ಲೇಖನದ್ದೇ ತನ್ನದು. ತಾಯಿ ಲೇಖನ ಎಂದರೆ ಇಂದು ಅದನ್ನು ಬಳಸುತ್ತಿರುವ ಲೇಖನವಲ್ಲ. ಮೊದಲ ಸಲ ಯಾವ ಲೇಖನ ಬರೆಯುತ್ತಿದ್ದಾಗ ಅದನ್ನು ಅಪ್‌ಲೋಡ್ ಮಾಡಲಾಯಿತೋ ಅದು. ಗೊಂದಲವೆಲ್ಲ ಇಲ್ಲಿಯೇ ಹುಟ್ಟುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ಕೆಆರ್‌ಎಸ್ ಜಲಾಶಯ ತುಂಬುವ ಸುದ್ದಿ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ಹೊಸ ಚಿತ್ರ ಸಿಗುವುದಿಲ್ಲ. ಕಳೆದ ವರ್ಷ ವರದಿಗಾರರೊಬ್ಬರು ಅಣೆಕಟ್ಟೆಯ ಒಳ್ಳೆಯ ಚಿತ್ರವೊಂದನ್ನು ಒಂದು ಲೇಖನಕ್ಕೆಂದು ಅಪ್‌ಲೋಡ್ ಮಾಡಿದರು. ಲೇಖನ ಪ್ರಕಟವಾಗದೆ ಕರಡಾಗಿಯೇ ಉಳಿಯಿತು. ಈ ವರ್ಷ ಡೆಸ್ಕಿನಲ್ಲಿದ್ದವರು ಲೈಬ್ರರಿಯಲ್ಲಿ ಹುಡುಕಿ ಅದೇ ಚಿತ್ರವನ್ನು ಹೊಸ ಸುದ್ದಿಗೆ ಮುಖ್ಯ ಚಿತ್ರ ಮಾಡಿದರು. ಹೊಸ ಸುದ್ದಿ ಪ್ರಕಟವಾಗಿದೆ. ಚಿತ್ರದ ತಾಯಿ ಇನ್ನೂ ಕರಡು. ಅನಾಮಿಕರಿಗೆ ಕರಡು ಓದುವ ಹಕ್ಕಿಲ್ಲ, ಆದ್ದರಿಂದ ಚಿತ್ರದ ವಿವರ ಓದುವ ಹಕ್ಕೂ ಇಲ್ಲ. ಥೀಮ್ ಈ ತಪಾಸಣೆಯನ್ನು ಮಾಡುವುದಿಲ್ಲ, ಹಾಗಾಗಿ ಜಾಲತಾಣದಲ್ಲಿ ಎಲ್ಲವೂ ಸರಿ.

ತಾಯಿ ಲೇಖನ ಕರಡೇ ಆಗಿರಬೇಕೆಂದಿಲ್ಲ. ಖಾಸಗಿ ಎಂದು ಗುರುತಿಸಿದ್ದು, ಮುಂದಿನ ದಿನಾಂಕಕ್ಕೆ ನಿಗದಿಯಾದದ್ದು, ಎಪಿಐಗೆ ತೆರೆದಿಡದ ವಿಷಯ ಮಾದರಿಗೆ ಸೇರಿದ್ದು, ಕಸದ ಬುಟ್ಟಿಯಲ್ಲಿ ಇರುವುದು ಎಲ್ಲವೂ ಇದೇ ಫಲ ಕೊಡುತ್ತವೆ. ಕಸದ ಬುಟ್ಟಿಯ ಪ್ರಕರಣ ಕಂಗೆಡಿಸುವಂಥದ್ದು. ಹಳೆಯ ಪ್ರಕಟಿತ ಲೇಖನವೊಂದನ್ನು ಯಾರೋ ಕಸದ ಬುಟ್ಟಿಗೆ ಹಾಕುತ್ತಾರೆ, ಅದಕ್ಕೂ ತಮಗೂ ಸಂಬಂಧವಿಲ್ಲದ ಬೇರೆ ಐದಾರು ಲೇಖನಗಳ ಚಿತ್ರ ಆ್ಯಪ್‌ನಿಂದ ಮಾಯವಾಗುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ 30 ದಿನಗಳ ನಂತರ ಬುಟ್ಟಿ ತಾನಾಗಿ ಖಾಲಿಯಾಗುತ್ತದೆ. ಲೇಖನ ಶಾಶ್ವತವಾಗಿ ಅಳಿದಾಗ ಚಿತ್ರ ತಾಯಿಯಿಲ್ಲದ್ದಾಗುತ್ತದೆ, ತಾಯಿಯಿಲ್ಲದ ಚಿತ್ರವನ್ನು ಎಪಿಐ ಪ್ರಕಟಿತವೆಂದೇ ಭಾವಿಸುತ್ತದೆ, ಎಲ್ಲ ಚಿತ್ರಗಳೂ ಮರಳಿ ಬರುತ್ತವೆ. ಯಾರೂ ಏನೂ ಮಾಡದೆ ಬಂದು ಯಾರೂ ಏನೂ ಮಾಡದೆ ಹೋದ ದೋಷದ ಬಗ್ಗೆ ಕೇಳಿದರೆ ಮೊದಲು ಬುಟ್ಟಿಯ ದಿನಾಂಕಗಳನ್ನು ನೋಡಿ.

ದೃಢಪಡಿಸಿಕೊಳ್ಳಲು ಮೀಡಿಯಾ ಲೈಬ್ರರಿಯನ್ನು ಪಟ್ಟಿಯ ರೂಪದಲ್ಲಿ ತೆರೆಯಿರಿ. ಚಿತ್ರ ಯಾವ ಲೇಖನಕ್ಕೆ ಅಪ್‌ಲೋಡ್ ಆಗಿದೆ ಎಂದು ತೋರಿಸುವ ಕಂಬಸಾಲು ಅಲ್ಲಿದೆ. ಅಲ್ಲಿಯೇ 'ಡಿಟ್ಯಾಚ್' ಎಂಬ ಕೊಂಡಿಯೂ ಇದೆ. ಅದನ್ನು ಒತ್ತಿದರೆ ಸಂಬಂಧ ಕಳಚುತ್ತದೆ, ಚಿತ್ರ ಸ್ವತಂತ್ರವಾಗುತ್ತದೆ. ಸರ್ವರ್‌ನಲ್ಲಿ ಆದೇಶ ಸಾಲು ಬಳಸಬಲ್ಲವರಿಗೆ 'ಡಬ್ಲ್ಯುಪಿ ಪೋಸ್ಟ್ ಅಪ್‌ಡೇಟ್ 1234 --ಪೋಸ್ಟ್_ಪೇರೆಂಟ್=0' ಸಾಕು, 1234ರ ಜಾಗದಲ್ಲಿ ಚಿತ್ರದ ಐಡಿ. ನಂತರ ಎಪಿಐ ಕ್ಯಾಶ್ ಖಾಲಿ ಮಾಡಿ ಮತ್ತೆ ಕೇಳಿ.

ಹೀಗೆ ಕಳಚಿದರೆ ಗೋಪ್ಯತೆಗೆ ಧಕ್ಕೆಯೇ ಎಂದು ಕೇಳುವವರಿದ್ದಾರೆ. ಅಪ್‌ಲೋಡ್ಸ್ ಕೋಶದಲ್ಲಿರುವ ಕಡತವನ್ನು ಸರ್ವರ್ ವರ್ಡ್‌ಪ್ರೆಸ್‌ನ ಅನುಮತಿ ಕೇಳದೆ ಯಾರಿಗೆ ಬೇಕಾದರೂ ಕೊಡುತ್ತದೆ. ವಿಳಾಸ ಗೊತ್ತಿದ್ದರೆ ಸಾಕು. ಈ 401 ಕಾಯುತ್ತಿದ್ದುದು ಚಿತ್ರವನ್ನಲ್ಲ, ಅದರ ವಿವರವನ್ನು ಮಾತ್ರ. ಪ್ರಕಟಿತ ಸುದ್ದಿಯಲ್ಲಿ ಈಗಾಗಲೇ ಕಾಣುತ್ತಿರುವ ಚಿತ್ರಕ್ಕೆ ಆ ಕಾವಲು ವ್ಯರ್ಥ. ಮಾಡಬಾರದ ಪರಿಹಾರವೆಂದರೆ ಆ್ಯಪ್‌ನೊಳಗೆ ಸಂಪಾದಕರ ಹೆಸರಿನ ಅಪ್ಲಿಕೇಶನ್ ಪಾಸ್‌ವರ್ಡ್ ಹುದುಗಿಸುವುದು. 5.6ನೇ ಆವೃತ್ತಿಯಿಂದ ಅಂಥ ಪಾಸ್‌ವರ್ಡ್ ಸೃಷ್ಟಿಸುವುದು ಸುಲಭವಾಗಿದೆ, 401 ಕೂಡ ತಕ್ಷಣ ಹೋಗುತ್ತದೆ. ಆದರೆ ಆ್ಯಪ್ ಕಡತವನ್ನು ಬಿಚ್ಚಿ ಅದನ್ನು ಹೊರತೆಗೆಯುವುದೂ ಅಷ್ಟೇ ಸುಲಭ. ಆಮೇಲೆ ಕರಡುಗಳೂ ಹೊರಗೆ.

ಎಷ್ಟು ಲೇಖನಗಳಿಗೆ ಈ ರೋಗ ತಗುಲಿದೆ ಎಂದು ತಿಳಿಯಲು ಒಂದೊಂದಾಗಿ ತೆರೆಯಬೇಕಿಲ್ಲ. ಪುಟಕ್ಕೆ ಗರಿಷ್ಠ 100 ಲೇಖನ ಸಿಗುತ್ತವೆ ('ಪರ್_ಪೇಜ್=100'). '_ಎಂಬೆಡ್=1' ಸೇರಿಸಿ, ಕ್ಷೇತ್ರಗಳಲ್ಲಿ ಐಡಿ, ಲಿಂಕ್, _ಲಿಂಕ್ಸ್, _ಎಂಬೆಡೆಡ್ ಇಷ್ಟನ್ನೇ ಕೇಳಿ, ಲಾಗಿನ್ ಇಲ್ಲದೆ ಪುಟದಿಂದ ಪುಟಕ್ಕೆ ಹೋಗಿ. ಒಟ್ಟು ಪುಟಗಳೆಷ್ಟು ಎಂಬುದು 'ಎಕ್ಸ್-ಡಬ್ಲ್ಯುಪಿ-ಟೋಟಲ್‌ಪೇಜಸ್' ಶಿರೋನಾಮೆಯಲ್ಲಿ ಇರುತ್ತದೆ. ಎಂಬೆಡ್ ಆದ ಮೊದಲ ಅಂಶದಲ್ಲಿ 'ಕೋಡ್' ಎಂಬ ಕ್ಷೇತ್ರ ಇರುವ ಲೇಖನಗಳನ್ನು ಮಾತ್ರ ಹೆಕ್ಕಿಕೊಳ್ಳಿ. ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್. ಇದನ್ನು ರಾತ್ರಿ ಹೊತ್ತು ತಾನಾಗಿ ಓಡುವಂತೆ ಮಾಡಿಟ್ಟರೆ ಓದುಗರು ದೂರುವ ಮುನ್ನವೇ ಗೊತ್ತಾಗುತ್ತದೆ.

ವಿವರ ಇದೆ, ಬೇಕಾದ ಗಾತ್ರ ಇಲ್ಲ

ಆ್ಯಪ್ ನೇರವಾಗಿ ಗಾತ್ರಗಳ ಪಟ್ಟಿಯಲ್ಲಿನ 'ಲಾರ್ಜ್' ಅನ್ನೋ 'ಫುಲ್' ಅನ್ನೋ ಹುಡುಕಿ, ಸಿಗದೆ ಕುಸಿಯುತ್ತದೆ. ವರ್ಡ್‌ಪ್ರೆಸ್ ಚಿತ್ರವನ್ನು ಹಿಗ್ಗಿಸುವುದಿಲ್ಲ. ಮೂಲ ಚಿತ್ರವೇ 800 ಪಿಕ್ಸೆಲ್ ಅಗಲವಿದ್ದರೆ 1024ರ 'ಲಾರ್ಜ್' ಹುಟ್ಟುವುದೇ ಇಲ್ಲ. ಇಷ್ಟನ್ನು ಬಹಳ ಜನ ಬಲ್ಲರು. ಕಡಿಮೆ ಜನ ಬಲ್ಲದ್ದು 'ಫುಲ್' ಕೂಡ ಖಾತರಿಯಲ್ಲ ಎಂಬುದು. ಬೇರೆ ಒಂದಾದರೂ ಗಾತ್ರ ಇದ್ದರೆ ಮಾತ್ರ ಎಪಿಐ 'ಫುಲ್' ಅನ್ನು ಪಟ್ಟಿಗೆ ಸೇರಿಸುತ್ತದೆ. 120 ಪಿಕ್ಸೆಲ್‌ನ ಚಿಕ್ಕ ಲಾಂಛನಕ್ಕೆ 150ರ ಥಂಬ್‌ನೇಲ್ ಕೂಡ ಆಗುವುದಿಲ್ಲ, ಆಗ ಗಾತ್ರಗಳ ಪಟ್ಟಿ ಪೂರ್ತಿ ಖಾಲಿ. ಮೊದಲು ಬೇಕಾದ ಗಾತ್ರ, ಇಲ್ಲದಿದ್ದರೆ ಹೊರಗಿನ 'ಸೋರ್ಸ್_ಯುಆರ್‌ಎಲ್', ಅದೂ ಇಲ್ಲದಿದ್ದರೆ ನಿಮ್ಮದೇ ಬದಲಿ ಚಿತ್ರ: ಈ ಕ್ರಮದಲ್ಲಿ ಓದುವಂತೆ ಬರೆಯಿರಿ.

ಇತ್ತೀಚೆಗೆ ಸೇರಿಸಿದ ವಿಶೇಷ ಗಾತ್ರ ಹಳೆಯ ಚಿತ್ರಗಳಿಗೆ ಮಾತ್ರ ಇಲ್ಲವೆಂದರೆ 'ಡಬ್ಲ್ಯುಪಿ ಮೀಡಿಯಾ ರೀಜನರೇಟ್ --ಓನ್ಲಿ-ಮಿಸ್ಸಿಂಗ್' ಓಡಿಸಿ. ಕಡತದ ಹೆಸರಿನ ಕೊನೆಗೆ 'ಸ್ಕೇಲ್ಡ್' ಎಂದು ಕಂಡರೆ ಗಾಬರಿ ಬೇಡ. 5.3ರಿಂದ ಈಚೆಗೆ 2560 ಪಿಕ್ಸೆಲ್ ಮೀರಿದ ಚಿತ್ರಗಳನ್ನು ವರ್ಡ್‌ಪ್ರೆಸ್ ತಾನೇ ಕುಗ್ಗಿಸಿ ಆ ಹೆಸರಿಡುತ್ತದೆ.

ವಿಳಾಸ ಸಿಕ್ಕಿತು, ಚಿತ್ರ ಮೂಡಲಿಲ್ಲ

ಇಲ್ಲಿಗೆ ಎಪಿಐ ನಿರ್ದೋಷಿ. ವಿಳಾಸವನ್ನು ನಕಲು ಮಾಡಿ ಫೋನಿನ ಬ್ರೌಸರ್‌ನಲ್ಲೇ ತೆರೆದು ನೋಡಿ.

ಅದು 'ಎಚ್‌ಟಿಟಿಪಿ' ಎಂದು ಶುರುವಾಗಿ 'ಎಸ್' ಇಲ್ಲದಿದ್ದರೆ ಆಂಡ್ರಾಯ್ಡ್ 9 ಮತ್ತು ಅದರ ನಂತರದವು, ಹಾಗೆಯೇ ಐಫೋನ್, ಪೂರ್ವನಿಯೋಜಿತ ಹೊಂದಿಕೆಯಲ್ಲಿ ಆ್ಯಪ್‌ಗೆ ಅದನ್ನು ತೆರೆಯಲು ಬಿಡುವುದಿಲ್ಲ. ಜಾಲತಾಣದ ವಿಳಾಸ ಹೊಂದಿಕೆಯಲ್ಲಿ ಹಳೆಯ ರೂಪವೇ ಉಳಿದಿರಬಹುದು. ಅಥವಾ ಮುಂದೆ ನಿಂತ ಪ್ರಾಕ್ಸಿ ಸುರಕ್ಷಿತ ಸಂಪರ್ಕವನ್ನು ಅಲ್ಲೇ ಮುಗಿಸಿ ಒಳಗೆ ಸಾದಾ ಸಂಪರ್ಕ ಕಳಿಸುತ್ತಿದ್ದು, ತಾನು ಸುರಕ್ಷಿತವಾಗಿದ್ದೇನೆಂದು ವರ್ಡ್‌ಪ್ರೆಸ್‌ಗೆ ತಿಳಿಯದೇ ಇರಬಹುದು. ಬ್ರೌಸರ್‌ನಲ್ಲಿ ಮೂಡುವ ಚಿತ್ರಕ್ಕೆ ಆ್ಯಪ್‌ನಲ್ಲಿ ಮಾತ್ರ 403 ಬರುತ್ತಿದ್ದರೆ, ಬೇರೆಯವರು ಚಿತ್ರ ಕದಿಯದಂತೆ ಹಾಕಿದ ಸರ್ವರ್ ನಿಯಮ ನಿಮ್ಮ ಆ್ಯಪ್ ಅನ್ನೂ ಕಳ್ಳನೆಂದು ಎಣಿಸಿದೆ.

ಕನ್ನಡ ಜಾಲತಾಣಗಳಿಗೆ ಇನ್ನೊಂದು ವಿಶೇಷ ತೊಡಕಿದೆ: ಕನ್ನಡದಲ್ಲೇ ಹೆಸರಿಟ್ಟ ಚಿತ್ರ ಕಡತಗಳು. ವರ್ಡ್‌ಪ್ರೆಸ್ ಅವನ್ನು ಸ್ವೀಕರಿಸುತ್ತದೆ, ಎಪಿಐ ಆ ಹೆಸರನ್ನು ಹಾಗೆಯೇ ಕೊಡುತ್ತದೆ. ಬ್ರೌಸರ್ ಅದನ್ನು ಸದ್ದಿಲ್ಲದೆ ಶೇಕಡಾ ಸಂಕೇತಗಳಿಗೆ ಬದಲಿಸಿಕೊಂಡು ತೆರೆಯುತ್ತದೆ. ಐಒಎಸ್ 17ಕ್ಕಿಂತ ಹಿಂದಿನ ಐಫೋನ್ ಆ್ಯಪ್‌ಗಳಲ್ಲಿ ಅಂಥ ವಿಳಾಸದಿಂದ ಯುಆರ್‌ಎಲ್ ವಸ್ತುವೇ ಹುಟ್ಟುವುದಿಲ್ಲ. ಉದ್ದವೂ ಒಂದು ಪೀಡೆ. ಕನ್ನಡದ ಒಂದೊಂದು ಸಂಕೇತಬಿಂದುವೂ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ, ವಿಳಾಸದಲ್ಲಿ 9 ಅಕ್ಷರವಾಗುತ್ತದೆ. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯ ಮಿತಿ 255 ಬೈಟ್, ಅಂದರೆ ಗುಣಿತ, ಒತ್ತುಗಳನ್ನೆಲ್ಲ ಎಣಿಸಿ 85 ಬಿಂದುಗಳಷ್ಟೆ. ಇಡೀ ಶೀರ್ಷಿಕೆಯನ್ನೇ ಕಡತದ ಹೆಸರು ಮಾಡುವವರು ಅಲ್ಲಿಗೆ ಬೇಗ ತಲುಪುತ್ತಾರೆ. ಇನ್ನು ಕೊ, ಕೋ, ಕೇ, ಕೈಗಳ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಬಿಂದುವಾಗಿಯೂ ಬಿಡಿ ಭಾಗಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸರ್ವರ್‌ಗೆ ಅವು ಎರಡು ಬೇರೆ ಕಡತಗಳು, ಹಾಗಾಗಿ ಸರ್ವರ್ ಬದಲಾಯಿಸಿದ ಮೇಲೆ ಕಣ್ಣಿಗೆ ಅಕ್ಷರಶಃ ಸರಿಯಾಗಿರುವ ವಿಳಾಸಕ್ಕೂ 404 ಬರಬಹುದು. ಅಪ್‌ಲೋಡ್ ಆಗುವಾಗಲೇ 'ಸ್ಯಾನಿಟೈಸ್_ಫೈಲ್_ನೇಮ್' ಫಿಲ್ಟರ್ ಮೂಲಕ ಹೆಸರನ್ನು ದಿನಾಂಕ ಮತ್ತು ಸಂಖ್ಯೆಗೆ ಬದಲಿಸುವುದು ಒಳ್ಳೆಯದು. ಕನ್ನಡ ಇರಬೇಕಾದ ಜಾಗ ಕಡತದ ಹೆಸರಲ್ಲ, 'ಆಲ್ಟ್_ಟೆಕ್ಸ್ಟ್'. ಪರದೆ ಓದುವ ತಂತ್ರಾಂಶ ಬಳಸುವವರಿಗೆ ಅದು ಬೇಕು, ಮತ್ತು ಅದೇ ಹೆಚ್ಚಿನ ಕಡೆ ಖಾಲಿ ಇರುತ್ತದೆ.

ಎಸಿಎಫ್ ಕ್ಷೇತ್ರದಲ್ಲಿನ ಚಿತ್ರ

ಮುಖ್ಯ ಚಿತ್ರದ ಬದಲು ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಪ್ಲಗಿನ್‌ನ ಚಿತ್ರ ಕ್ಷೇತ್ರ ಬಳಸುವವರು ಎರಡು ವಿಷಯ ನೋಡಿದರೆ ಸಾಕು. ಎಪಿಐ ಬೆಂಬಲ ಬಂದದ್ದು 5.11ನೇ ಆವೃತ್ತಿಯಲ್ಲಿ, ಮತ್ತು ಪ್ರತಿ ಕ್ಷೇತ್ರ ಗುಂಪಿನ ಹೊಂದಿಕೆಯಲ್ಲಿ ಎಪಿಐನಲ್ಲಿ ತೋರಿಸುವ ಆಯ್ಕೆಯನ್ನು ನೀವೇ ಚಾಲೂ ಮಾಡಬೇಕು. ಮಾಡಿದ ಮೇಲೂ ಬರುವುದು ಸಂಖ್ಯೆಯೇ, ಕ್ಷೇತ್ರದ ಹೊಂದಿಕೆಯಲ್ಲಿ ವಿಳಾಸ ಬೇಕೆಂದು ಆಯ್ದಿದ್ದರೂ. ಕೋರಿಕೆಗೆ 'ಎಸಿಎಫ್_ಫಾರ್ಮ್ಯಾಟ್=ಸ್ಟ್ಯಾಂಡರ್ಡ್' ಸೇರಿಸಿ.

ಸ್ವಂತ ಕ್ಷೇತ್ರ ಸೇರಿಸುವವರಿಗೆ

ಎಂಬೆಡ್‌ನ ಗೋಜೇ ಬೇಡ, ಲೇಖನದ ಉತ್ತರದಲ್ಲೇ ನೇರವಾಗಿ ಚಿತ್ರದ ವಿಳಾಸ ಇರಲಿ ಎನ್ನುವುದಾದರೆ 'ರೆಸ್ಟ್_ಎಪಿಐ_ಇನಿಟ್' ಹಂತದಲ್ಲಿ 'ರಿಜಿಸ್ಟರ್_ರೆಸ್ಟ್_ಫೀಲ್ಡ್' ಕರೆದು ಸ್ವಂತ ಕ್ಷೇತ್ರ ಸೇರಿಸಬಹುದು. ಪಟ್ಟಿ ಹಗುರವಾಗುತ್ತದೆ, ಆ್ಯಪ್‌ನ ಕೋಡ್ ಸರಳವಾಗುತ್ತದೆ. ಓದುಗರ ಸಂಖ್ಯೆ ದೊಡ್ಡದಿರುವ ಕಡೆ ನಾನು ಇದನ್ನೇ ಆಯ್ಕೆ ಮಾಡುತ್ತೇನೆ. ಮೇಲೆ ಹೇಳಿದ 401 ಕೂಡ ಇಲ್ಲಿ ಕಾಡುವುದಿಲ್ಲ, ಏಕೆಂದರೆ ನೀವು ಬರೆದ ಕಾರ್ಯ ತಾಯಿ ಲೇಖನದ ಸ್ಥಿತಿಯನ್ನು ತಪಾಸಣೆ ಮಾಡುವುದೇ ಇಲ್ಲ. ಸದಸ್ಯರಿಗೆ ಮಾತ್ರ ಮೀಸಲಾದ ಚಿತ್ರಗಳಿರುವ ಜಾಲತಾಣದಲ್ಲಿ ಇದೇ ಅಪಾಯವೂ ಹೌದು, ಅಲ್ಲಿ ತಪಾಸಣೆಯನ್ನು ನೀವೇ ಬರೆಯಬೇಕು.

ಕ್ಷೇತ್ರ ಸದಾ ಖಾಲಿ ಬರುತ್ತಿದ್ದರೆ ಕಾರ್ಯಕ್ಕೆ ಬರುವ ಲೇಖನವನ್ನು ವಸ್ತುವೆಂದು ತಿಳಿದು ದೊಡ್ಡಕ್ಷರದ 'ಐಡಿ' ಕೇಳಿದ್ದೀರಾ ನೋಡಿ. ಅಲ್ಲಿಗೆ ಬರುವುದು ಅರೇ. ಸಣ್ಣಕ್ಷರದ 'ಐಡಿ' ಕೀಲಿಯಿಂದ ಓದಬೇಕು. ಚಿತ್ರವಿಲ್ಲದಾಗ 'ಗೆಟ್_ದ_ಪೋಸ್ಟ್_ಥಂಬ್‌ನೇಲ್_ಯುಆರ್‌ಎಲ್' ಕೊಡುವುದು 'ಫಾಲ್ಸ್'. ಅದನ್ನು ಹಾಗೆಯೇ ಹೊರಗೆ ಬಿಟ್ಟರೆ ಪಠ್ಯ ನಿರೀಕ್ಷಿಸುತ್ತಿರುವ ಕಾಟ್ಲಿನ್ ಅಥವಾ ಸ್ವಿಫ್ಟ್ ಕೋಡು ಚಿತ್ರವಿಲ್ಲದ ಒಂದೇ ಲೇಖನಕ್ಕಾಗಿ ಇಡೀ ಪಟ್ಟಿಯನ್ನೇ ತಿರಸ್ಕರಿಸಬಹುದು. 'ನಲ್' ಕೊಡಿ. ವಿಳಾಸದ ಜೊತೆ ಅಗಲ, ಎತ್ತರಗಳನ್ನೂ ಕೊಟ್ಟರೆ ಚಿತ್ರ ಇಳಿಯುವ ಮೊದಲೇ ಆ್ಯಪ್ ಜಾಗ ಬಿಟ್ಟುಕೊಳ್ಳಬಲ್ಲದು; 'ಡಬ್ಲ್ಯುಪಿ_ಗೆಟ್_ಅಟ್ಯಾಚ್‌ಮೆಂಟ್_ಇಮೇಜ್_ಸೋರ್ಸ್' ಕಾರ್ಯ (ಕೋಡಿನಲ್ಲಿ ಕೊನೆಯ ಪದ ಎಸ್, ಆರ್, ಸಿ ಎಂಬ ಮೂರೇ ಅಕ್ಷರ) ಮೂರನ್ನೂ ಒಟ್ಟಿಗೆ ಕೊಡುತ್ತದೆ.

ಈ ಕೋಡನ್ನು ಥೀಮ್‌ನ ಫಂಕ್ಷನ್ಸ್ ಕಡತದಲ್ಲಿ ಇಡಬೇಡಿ. ಜಾಲತಾಣದ ರೂಪ ಬದಲಿಸಲು ಯಾರೋ ಥೀಮ್ ಬದಲಿಸುತ್ತಾರೆ, ಆ್ಯಪ್‌ನ ಚಿತ್ರಗಳೆಲ್ಲ ಒಟ್ಟಿಗೆ ಹೋಗುತ್ತವೆ, ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. 'ಎಂಯು-ಪ್ಲಗಿನ್ಸ್' ಕೋಶದಲ್ಲಿ ಚಿಕ್ಕ ಕಡತವಾಗಿ ಇಟ್ಟರೆ ನಿರ್ವಾಹಕ ಪರದೆಯಿಂದ ಅದನ್ನು ಅಕಸ್ಮಾತ್ ನಿಲ್ಲಿಸಲೂ ಆಗುವುದಿಲ್ಲ. ಕ್ಷೇತ್ರಕ್ಕೆ ಮುಂದೆ ಬೇರೆ ಹೆಸರಿಡುವುದಾದರೆ ಹಳೆಯದನ್ನೂ ಕೆಲ ಕಾಲ ಉಳಿಸಿಕೊಳ್ಳಿ. ಆ್ಯಪ್‌ನ ಹಿಂದಿನ ಆವೃತ್ತಿಗಳು ಓದುಗರ ಫೋನುಗಳಲ್ಲಿ ಬಹಳ ದಿನ ಇರುತ್ತವೆ, ಅವು ಕೇಳುವುದು ಹಳೆಯ ಹೆಸರನ್ನೇ.